ನಾನು ಆರಿಸಿದ ಹರಳು

ಇವತ್ತು ಸ್ಯಾನ್ ಡಿಯಾಗೋದ ನಮ್ಮ ಓಣಿಯಲ್ಲಿ ಯಾರದೋ ಮನೆ ಮುಂದೆ ಹಸಿ ಸಿಮೆಂಟಿನ ವಾಸನೆ ಬಂತು. ಹದಿಮೂರರ ವಯಸ್ಸಿನಲ್ಲಿ, ಆಗ ನಾವಿದ್ದ ಸ್ಯಾಂಟಾ ಕ್ಲಾರಿಟಾದಲ್ಲಿ ಕಂಡ ಒಂದು ಚಳಿಗಾಲದ ಮಧ್ಯಾಹ್ನ ನೆನಪಾಯಿತು.

ಕೊರೊನಾದಿಂದಾಗಿ ಶಾಲೆ ಮನೆಯಲ್ಲೇ ನಡೆಯುತ್ತಿದ್ದ ವರ್ಷ ಅದು. ಅಪ್ಪ ಗ್ಯಾರೇಜಿನ ಮುಂದೆ ಕಾರು ಬರುವ ಬಿರುಕುಬಿಟ್ಟ ಡ್ರೈವ್‌ವೇ ಒಡೆಸಿ, ಮೇಲೆ ಕಲ್ಲಿನ ಹರಳು ಕಾಣುವಂಥ ಹೊಸ ಕಾಂಕ್ರೀಟ್ ಹಾಕಿಸಲು ಹೊರಟಿದ್ದರು. ಮಾದರಿ ಹರಳುಗಳನ್ನು ನನ್ನ ಮುಂದಿಟ್ಟು, "ನಿನ್ನ ಮನಿ ಇದು, ನೀನ ಆರಸವ್ವಾ," ಎಂದರು. ಎರಡು ದಿನ ಯೋಚಿಸಿ, ಒದ್ದೆಯಾದರೆ ಹಸಿರು ಹೊಳೆಯುವ ಕಪ್ಪು ಹರಳನ್ನು ಆರಿಸಿದೆ.

ಬೆಳಿಗ್ಗೆ ಕಾಂಕ್ರೀಟ್ ಸುರಿದರು. ಚಳಿಗೆ ಅದು ಬೇಗ ಬಿಗಿಯುವುದಿಲ್ಲವೆಂದು ಕೆಲಸದವರು ಮೂರು ಗಂಟೆಯವರೆಗೆ ಕಾದರು. ಆಮೇಲೆ ನೀರು ಬಿಟ್ಟು, ಬ್ರಷ್ಷಿನಿಂದ ಮೇಲಿನ ಸಿಮೆಂಟನ್ನು ಉಜ್ಜಿ ತೊಳೆದರು. ಹರಳುಗಳು ಒಂದೊಂದಾಗಿ ಕಾಣಿಸಿಕೊಂಡವು. ಎಲ್ಲವೂ ಮಾಸಲು ಬೂದು.

"ಅಪ್ಪಾ, ನಾ ಆರಿಸಿದ್ದು ಇದಲ್ಲ," ಎಂದೆ.

ಅಪ್ಪ ನನ್ನ ಕಡೆ ನೋಡಲಿಲ್ಲ. "ಮನಿ ತೊಗೊಳ್ಳೋರಿಗೆ ಬೂದು ಬಣ್ಣನ ಹಿಡಸ್ತದಂತ. ಏಜೆಂಟ್ ಹೇಳ್ಯಾರ."

ಮನೆ ಮಾರುತ್ತಿದ್ದಾರೆಂದು ನನಗೆ ಗೊತ್ತಾದದ್ದು ಹಾಗೆ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅಮ್ಮನಾದರೂ ನನ್ನಂತೆ ಬೆಚ್ಚಿಬಿದ್ದಿರಬಹುದೆಂದು ತಿರುಗಿ ನೋಡಿದೆ. ಅವಳು ಮೆಲ್ಲಗೆ, "ನಿನಗ ಹೇಳಬೇಕಂತನ ಇದ್ವಿ," ಎಂದಳು.

ಕೆಲಸದವರು ಬ್ರಷ್ಷು ತೊಳೆದುಕೊಂಡು ಹೋದರು. ನಾನು ಗ್ಯಾರೇಜಿನ ಬಾಗಿಲಿಗೆ ಒರಗಿ ಅಲ್ಲೇ ನಿಂತಿದ್ದೆ.

"ಥಂಡಿ ಅದ, ಒಳಗ ಬಾರವ್ವಾ," ಎಂದರು ಅಪ್ಪ.

"ಐ ಆಮ್ ಫೈನ್," ಎಂದೆ.

ಅಪ್ಪನಿಗೆ ನಾನು ಇಂಗ್ಲಿಷಿನಲ್ಲಿ ಉತ್ತರಿಸಿದ್ದು ಅದೇ ಮೊದಲು.