ಹಾಳೆಯ ಹಿಂಬದಿ

ಗಾಜಿನ ಮೇಜಿನೊಳಗಿನ ದೀಪ ಹೊತ್ತಿಸಿದಳು. ಅದು ಮತ್ತೆ ಬಂದಿತ್ತು.

ಶಾಲೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಊಟದ ಡಬ್ಬಿ ತೆರೆಯುತ್ತಿರುವ ಚೂಟಿ. ನಿನ್ನೆ ಸಂಜೆ ತಾನೇ ಬರೆದು ಮುಗಿಸಿದ ಚಿತ್ರ. ಈಗ ಚೂಟಿಯ ಪಕ್ಕದಲ್ಲಿ ಮಬ್ಬಾಗಿ ಇನ್ನೊಂದು ಆಕಾರ. ಬಾಗಿದ ಹೆಗಲು. ಮುಖವಿಲ್ಲ. ತಲೆಯಿಂದ ಓರೆಯಾಗಿ ಚಾಚಿಕೊಂಡ ಒಂದೇ ಒಂದು ಕೊಂಬು.

ದೀಪ ಆರಿಸಿದಳು. ಚೂಟಿ ಮಾತ್ರ ಉಳಿದಳು. ಹಾಳೆ ಮಗುಚಿದರೆ ಹಿಂಬದಿಯಲ್ಲಿ ಪೆನ್ಸಿಲ್ ಗೆರೆಗಳು. ಕೆಳಗಿನಿಂದ ಬೆಳಕು ಬಿದ್ದಾಗ ಅವೇ ಮುಂದಕ್ಕೆ ಕಾಣುತ್ತಿದ್ದವು. ದೆವ್ವವಲ್ಲ, ಸರಿ. ದೆವ್ವವಾಗಿದ್ದರೇ ವಾಸಿಯಿತ್ತು. ಗೆರೆ ಎಳೆಯಲು ಕೈ ಬೇಕು, ಆ ಕೈಯವರು ಬಾಗಿಲು ದಾಟಿ ಬರಬೇಕು. ಮನೆಯಲ್ಲಿ ಇರುವುದು ಅವಳು ಮತ್ತು ಹತ್ತು ವರ್ಷದ ಮಗಳು, ಇಬ್ಬರೇ.

ನಾಲ್ಕು ದಿನದಿಂದ ಇದೇ ಕಥೆ. ದಿನಕ್ಕೊಂದು ಹಾಳೆ. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದಳು. ಆಕಾರ ಹಾಳೆಯಿಂದ ಹಾಳೆಗೆ ದೊಡ್ಡದಾಗಿತ್ತು. ಅಂದರೆ ಹತ್ತಿರ ಬರುತ್ತಿತ್ತು.

ಕಾರ್ಟೂನ್ ಧಾರಾವಾಹಿಯೊಂದಕ್ಕೆ ಮನೆಯಲ್ಲೇ ಕೂತು ಚಿತ್ರ ಬರೆಯುವುದು ಅವಳ ಕೆಲಸ. ಚೂಟಿ ಅದರ ನಾಯಕಿ. ತರಗತಿಗೇ ಮೊದಲು, ತರಗತಿಯಲ್ಲಿ ಯಾರಿಗೂ ಬೇಡದವಳು. ಕಣ್ಣೀರು ತರಿಸುವ ದೃಶ್ಯ ಬಂತೆಂದರೆ ಕಂಪನಿಯವರು ಕಣ್ಣುಮುಚ್ಚಿ ಇವಳಿಗೇ ಕಳಿಸುತ್ತಿದ್ದರು. ಇವಳೂ ಬರೆಯುತ್ತಾ ಬರೆಯುತ್ತಾ ಮೂಗು ಒರೆಸಿಕೊಳ್ಳುತ್ತಿದ್ದಳು. ಪಾಪ, ಈ ಮಗುವನ್ನು ತಿರುಗಿ ನೋಡುವವರೇ ಇಲ್ಲವಲ್ಲ ಎಂದು ಕರುಳು ಚುರುಕ್ಕೆನ್ನುತ್ತಿತ್ತು.

ಕೆಲಸಕ್ಕೆ ಕೂತರೆ ಅವಳಿಗೆ ಲೋಕದ ಪರಿವೆಯಿರುತ್ತಿರಲಿಲ್ಲ. ಒಂದು ಪೆನ್ಸಿಲ್ ಕೈಯಲ್ಲಿ, ಇನ್ನೊಂದು ತುರುಬಿನಲ್ಲಿ, ರಬ್ಬರ್ ತೊಡೆಯ ಮೇಲೆ. ಮುಗಿದ ಹಾಳೆಯನ್ನು ಕೈ ಹಿಂದಕ್ಕೆ ಚಾಚಿ ಚಾಪೆಯ ಮೇಲೆ ಇಡುವುದು, ಮುಂದಿನದಕ್ಕೆ ಬಾಗುವುದು. ಬೆಳಗ್ಗೆ ಎಲ್ಲವನ್ನೂ ಒಂದೊಂದಾಗಿ ಬೆಳಕಿಗಿಟ್ಟು ತಪ್ಪು ಹುಡುಕುವುದು. ಹಾಗೆ ಹುಡುಕುವಾಗಲೇ ಈ ಪೀಡೆ ಸಿಕ್ಕಿದ್ದು.

ಗೆರೆಗಳು ಪಳಗಿದ ಕೈಯವು. ಎಲ್ಲೂ ಅಳಿಸಿದ ಗುರುತಿಲ್ಲ, ತಡವರಿಕೆಯಿಲ್ಲ. ಹೀಗೆ ಬರೆಯಬಲ್ಲವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ: ಕಂಪನಿಯಿಂದ ವಾರಕ್ಕೊಮ್ಮೆ ಹಾಳೆ ಒಯ್ಯಲು ಬರುವ ಮೀಸೆಯವನು. ಅವನೂ ಒಂದು ಕಾಲದ ಚಿತ್ರಗಾರ. ಚೂಟಿ ತನ್ನ ಕೈತಪ್ಪಿ ಇವಳ ಪಾಲಾದಳೆಂಬ ಹೊಟ್ಟೆಯುರಿ ಅವನಿಗಿತ್ತು. ಹಿಂದೊಮ್ಮೆ ಇವಳು ಆಸ್ಪತ್ರೆಯಲ್ಲಿದ್ದಾಗ ಮನೆಯ ಕೀಲಿ ಎರಡು ದಿನ ಅವನ ಬಳಿಯೇ ಇತ್ತು.

ಅವತ್ತೇ ಬೀಗ ಬದಲಾಯಿಸಿದಳು. ಮರುದಿನ ಐದನೆಯ ಹಾಳೆಯಲ್ಲೂ ಅದು ಇತ್ತು.

ನೋಡುತ್ತಾ ಕೂತಿದ್ದಾಗಲೇ ಫೋನ್ ಬಡಿದುಕೊಂಡಿತು. ಮಗಳ ಕ್ಲಾಸ್ ಟೀಚರ್.

“ನಿಮ್ ಮಗಳ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು. ಮೂರು ಸಲ ಫೋನ್ ಮಾಡಿದ್ದೆ.”

“ಏನಾದ್ರೂ ತರಲೆ ಮಾಡಿದ್ಲಾ?”

“ಅಯ್ಯೋ, ತರಲೆ ಮಾಡಿದ್ರೇ ಚೆನ್ನಾಗಿರ್ತಿತ್ತು. ತನ್ನ ಪಾಡಿಗೆ ತಾನಿರ್ತಾಳೆ. ನಿಮಗೊಂದು ತೋರಿಸ್ಬೇಕು, ಒಂದ್ಸಲ ಬನ್ನಿ.”

“ಮುಂದಿನ ವಾರ ಖಂಡಿತ ಬರ್ತೀನಿ,” ಎಂದು ಫೋನ್ ಇಟ್ಟಳು. ಮನೆಗೆ ಯಾರೋ ನುಗ್ಗುತ್ತಿರುವಾಗ ಶಾಲೆಗೆಲ್ಲಿ ಹೋಗುವುದು?

ಸಂಜೆ ಮಗಳು ಬಂದು ಎಂದಿನಂತೆ ಚಾಪೆಯ ಮೇಲೆ ಪುಸ್ತಕ ಹರಡಿಕೊಂಡಳು. ಕಾಟವೇ ಇಲ್ಲದ ಮಗು. ತಾಯಿ ಮೇಜು ಒರೆಸುತ್ತಾ ಕೇಳಿದಳು.

“ಪುಟ್ಟಾ, ನಾನು ಅಂಗಡಿಗೆ ಹೋದಾಗ ಯಾರಾದ್ರೂ ಬರ್ತಾರಾ?”

“ನಮ್ಮನೆಗೆ ಯಾರಮ್ಮ ಬರ್ತಾರೆ?”

“ಒಬ್ಳೇ ಇರೋಕೆ ಹೆದರಿಕೆ ಆಗಲ್ವಾ?”

ಮಗಳು ಯೋಚಿಸಿದಳು. “ಒಬ್ಳೇ ಅಲ್ವಲ್ಲ. ಈ ರೂಮಲ್ಲಿ ಒಬ್ರು ಇರ್ತಾರಲ್ಲ.”

ತಾಯಿ ಒರೆಸುವ ಬಟ್ಟೆ ಕೆಳಗಿಟ್ಟಳು. “ಯಾರು?”

“ಮಾತಾಡಲ್ಲ. ಕರೆದ್ರೆ ಹೂಂ ಅಂತಾರೆ, ಅಷ್ಟೇ.” ಮಗಳು ಪುಸ್ತಕದೊಳಗೆ ಮುಖ ಹುದುಗಿಸಿದಳು. ಎಷ್ಟು ಕೇಳಿದರೂ ಮತ್ತೆ ಬಾಯಿ ಬಿಡಲಿಲ್ಲ.

ತಾಯಿ ಕಪಾಟಿನ ಹಿಂದೆ ನೋಡಿದಳು. ಮಂಚದ ಕೆಳಗೆ ನೋಡಿದಳು. ಕಿಟಕಿಯ ಚಿಲಕ ಎಳೆದು ನೋಡಿದಳು. ತನಗೇನಾದರೂ ಆಗಲಿ, ಈ ಮಗುವಿನ ಕೂದಲೂ ಕೊಂಕಬಾರದು.

ಮರುದಿನ ಮಧ್ಯಾಹ್ನ ಒಂದು ಉಪಾಯ ಮಾಡಿದಳು. ಚಾಪೆಯ ಹಿಂದಿನ ಗೂಡಿನಲ್ಲಿ, ಪುಸ್ತಕಗಳ ನಡುವೆ, ತನ್ನ ಹಳೆಯ ಫೋನನ್ನು ಇಟ್ಟು ವಿಡಿಯೋ ಚಾಲೂ ಮಾಡಿ ಅಂಗಡಿಗೆ ಹೋದಳು. ಬಂದವಳು ಕೆಲಸಕ್ಕೆ ಕೂತಳು. ಕೂತವಳಿಗೆ ಫೋನಿನ ನೆನಪೇ ಹಾರಿಹೋಯಿತು.

ಬೆಳಗ್ಗೆ ಮಗಳು ಶಾಲೆಗೆ ಹೋದ ಮೇಲೆ ದೀಪ ಹೊತ್ತಿಸಿದಳು. ಈ ಸಲ ಅದು ಹಾಳೆಯ ತುಂಬ ಇತ್ತು. ಚೂಟಿಯನ್ನು ಪೂರಾ ನುಂಗಿತ್ತು. ಓಡಿಹೋಗಿ ಫೋನ್ ತೆಗೆದಳು. ಅವಸರದಲ್ಲಿ ಎರಡು ಸಲ ತಪ್ಪು ಜಾಗ ಒತ್ತಿದಳು.

ಖಾಲಿ ಕೋಣೆ. ಮುಚ್ಚಿದ ಬಾಗಿಲು. ಮಗಳು ಬಂದಳು, ಚಾಪೆಯ ಮೇಲೆ ಕೂತಳು. ಬೇರೆ ಯಾರೂ ಬರಲಿಲ್ಲ. ಆಮೇಲೆ ತಾನೇ ಚೀಲ ಹಿಡಿದು ಬಂದದ್ದು ಕಾಣಿಸಿತು. ಇದರಲ್ಲೇನು ನೋಡುವುದು ಎಂದು ಮುಂದಕ್ಕೆ ಓಡಿಸಿದಳು. ನಿಲ್ಲಿಸಿದಳು.

ಕೋಣೆ ಮಬ್ಬಾಗಿತ್ತು. ದೀಪ ಉರಿಯುವ ಮೇಜಿಗೆ ಅಡ್ಡವಾಗಿ ಅದು ಕೂತಿತ್ತು. ಬಾಗಿದ ಹೆಗಲು. ಮುಖವಿಲ್ಲ. ತಲೆಯಲ್ಲಿ ಓರೆಯಾದ ಕೊಂಬು. ಅದರ ಹಿಂದೆ ಮಗಳು ಕೂತಲ್ಲೇ ಒಂದು ಗೇಣು ಮುಂದೆ ಜರುಗಿದಳು. ಮತ್ತೊಂದು ಗೇಣು. ಚಾಪೆಯಿಂದ ಮುಗಿದ ಹಾಳೆಯೊಂದನ್ನು ಎತ್ತಿ, ಮಗುಚಿ ತೊಡೆಯ ಮೇಲಿಟ್ಟುಕೊಂಡು, ಆ ಬೆನ್ನನ್ನೇ ನೋಡಿ ನೋಡಿ, ಒಮ್ಮೆಯೂ ಅಳಿಸದೆ ಬರೆದಳು.

ತಾಯಿಯ ಕೈ ತಾನಾಗಿ ತುರುಬಿಗೆ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು.

“ಅಮ್ಮಾ, ನೋಡು,” ಎಂದಳು ಪರದೆಯೊಳಗಿನ ಮಗಳು, ಹಾಳೆಯನ್ನು ಎತ್ತಿ ಹಿಡಿದು.

“ಹೂಂ,” ಎಂದಿತು ಕೊಂಬಿನದು, ತಿರುಗದೆ.