ಹೊರೆಗಲ್ಲು

ಬೆಳಗಿನಿಂದ ಸೈಕಲ್ ತುಳಿದರೂ ಆ ದಾರಿಯಲ್ಲಿ ಒಂದು ವಾಹನವೂ ಎದುರಾಗಿರಲಿಲ್ಲ. ಎರಡೂ ಕಡೆ ರಾಗಿ ಹೊಲ. ಏರು ಹತ್ತಿ ಬಂದವನಿಗೆ ಹೆಗಲೆತ್ತರದ ಕಂಬಗಳ ಮೇಲೆ ಚಪ್ಪಡಿ ಹೊದಿಸಿದ್ದ ಹೊರೆಗಲ್ಲು ಕಂಡಿತು. ಬೆನ್ನಿನ ಚೀಲವನ್ನು ಅದರ ಮೇಲಿಳಿಸಿ ನೀರು ಕುಡಿದ.

ಹುಲ್ಲಿನ ಹೊರೆ ಹೊತ್ತವನೊಬ್ಬ ಬಂದು ಪಕ್ಕದಲ್ಲಿ ನಿಂತ.

"ಪುಣ್ಯವಂತರು ನೀವು. ಗಾಡಿ ಇಲ್ಲ, ಗಲಾಟೆ ಇಲ್ಲ. ಇಂಥ ದಾರಿ ಹುಡುಕ್ಕೊಂಡೇ ಬಂದೆ ನಾನು," ಎಂದ ಸವಾರ. "ನೀವೂ ಹೊರೆ ಇಳಿಸಿ, ಜಾಗ ಇದೆ."

"ಕಲ್ಲು ನೆಟ್ಟ ಮನೆಯೋರು ಇದರ ಮೇಲೆ ಇಡಂಗಿಲ್ಲ ಸ್ವಾಮಿ. ನೀವು ಇಟ್ರಲ್ಲ, ಅಷ್ಟು ಸಾಕು."

"ಕಲ್ಲು ಹೊಸದು. ಈಗಲೂ ಇಂಥವು ನೆಡ್ತಾರಾ?"

"ಬಸುರಿ ಹೆಂಗಸು ಹೆರದೇನೆ ಸತ್ರೆ ನೆಡ್ತೀವಿ. ದಾರೀಲಿ ಹೋಗೋರು ಹೊರೆ ಇಳಿಸಿದಷ್ಟೂ ಅವಳ ಭಾರ ಇಳೀತದೆ ಅಂತ."

ಸವಾರ ಗಡಿಬಿಡಿಯಿಂದ ಚೀಲ ಎತ್ತಿಕೊಳ್ಳಲು ಕೈ ಹಾಕಿದ.

"ಇರ್ಲಿ ಬಿಡಿ, ಇನ್ನೊಂಚೂರು ಹೊತ್ತು ಇರ್ಲಿ. ನನ್ನ ಹೆಂಡ್ತಿ. ಮಂಚದ ಮೇಲೆ ಮಲಗಿಸ್ಕೊಂಡು ಇಲ್ಲೀಗಂಟ ಹೊತ್ತು ತಂದ್ವಿ, ರಸ್ತೆ ನೋಡ್ಕೊಂಡು ನಿಂತ್ವಿ," ಎಂದು ಅವನು ತಲೆಯ ಹೊರೆಯನ್ನು ಸರಿಮಾಡಿಕೊಂಡ. "ಅವತ್ತೂ ಹಿಂಗೇ, ಒಂದು ಗಾಡೀನೂ ಇರ್ಲಿಲ್ಲ."