ಕೀಳುವಾಗ ಆಡಿದ ಮಾತು

ಚಹಾ ಎಲೆ ಕೀಳುವಾಗ ಆಡಿದ ಮಾತು ಅದನ್ನು ಕುಡಿದವರಿಗೆ ಒಳಗೇ ಕೇಳಿಸುತ್ತದೆ. ಪ್ರವಾಸಿಗಳು ಈ ತೋಟಕ್ಕೆ ಬರುವುದೇ ಅದಕ್ಕೆ. ನಾನು ಎಂಟು ವರ್ಷದವನಿದ್ದಾಗ ಅಮ್ಮನ ಕಿವಿ ಪೂರ್ತಿ ಹೋಯಿತು. ನನ್ನ ಈಗಿನ ದನಿಯನ್ನು ಅವಳು ಕೇಳಿಯೇ ಇಲ್ಲ. ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಅವಳನ್ನೂ ಕರೆದುಕೊಂಡು ಬಂದಿದ್ದೆ. ಗಿಡದ ಮುಂದೆ ನಿಂತಾಗ ಒಂದು ಮಾತೂ ಹೊರಡಲಿಲ್ಲ. ಸುಮ್ಮನೆ ಕೀಳತೊಡಗಿದೆ.

"ಸಾರ್, ಎರಡೆಲೆ, ಒಂದು ಕುಡಿ, ಅಷ್ಟೇ. ಆಡು ಮೇಯ್ದಂಗೆ ಕಡ್ಡಿ ಎಲ್ಲ ಕೀಳ್ತಿದೀರಲ್ಲ," ಎಂದು ಪಕ್ಕದ ಸಾಲಿನ ಕೆಲಸದಾಕೆ ಚೆಲ್ವಿ ಗದರಿದಳು.

"ಆಯ್ತಕ್ಕ," ಎಂದೆ.

ಆ ಎಲೆಯನ್ನು ಹುರಿದು ಅಲ್ಲೇ ಕುದಿಸಿ ಕೊಟ್ಟರು. ಅಮ್ಮ ಒಂದು ಗುಟುಕು ಕುಡಿದು ನಕ್ಕಳು. "ಯಾರೋ ನಿನ್ನ ಆಡು ಅಂತಿದಾಳಲ್ಲೋ."

ಎರಡನೆಯ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಳು.

"ಥೇಟ್ ನಿಮ್ಮಪ್ಪನ ದನಿ ಕಣೋ," ಎಂದಳು.